ಕೊಲ್ಲಾಪುರದ ಮಹಾಲಕ್ಷ್ಮಿ: ಕ್ಷೇತ್ರ, ಗುಡಿ, ಶಾಸನ

ಕೊಲ್ಲಾಪುರ ಪಂಚಗಂಗೆಯ ದಂಡೆಯ ಊರು. ಸಹ್ಯಾದ್ರಿಯಿಂದ ಇಳಿದುಬರುವ ಕಾಸಾರಿ, ಕುಂಭಿ, ತುಳಸಿ, ಭೋಗಾವತಿ ಎಂಬ ನಾಲ್ಕು ಹೊಳೆಗಳಿಗೆ ಗುಪ್ತಗಾಮಿನಿ ಸರಸ್ವತಿಯನ್ನೂ ಕೂಡಿಸಿ ಜನ ಈ ನದಿಯನ್ನು ಪಂಚಗಂಗೆ ಎಂದು ಕರೆದರು. ಊರಿನ ಹತ್ತಿರದ ಸಂಗಮಕ್ಕೆ ಪ್ರಯಾಗವೆಂದು ಹೆಸರು, ಊರಿಗೆ ದಕ್ಷಿಣಕಾಶಿ ಎಂಬ ಬಿರುದು. ಪುರಾಣಗಳ ಕರವೀರ ಕ್ಷೇತ್ರ ಇದೇ. ಕೋಲಾಸುರನನ್ನು ಕೊಂದ ಮಹಾಲಕ್ಷ್ಮಿ ಇಲ್ಲಿ ನೆಲೆನಿಂತಳೆಂಬುದು ಕರವೀರ ಮಾಹಾತ್ಮ್ಯದ ಕಥೆ. ಮಹಾರಾಷ್ಟ್ರದವರು ಎಣಿಸುವ ಮೂರೂವರೆ ಶಕ್ತಿಪೀಠಗಳಲ್ಲಿ ತುಳಜಾಪುರ, ಮಾಹೂರ, ವಣಿಗಳ ಜೊತೆಗೆ ಕೊಲ್ಲಾಪುರವೂ ಸೇರಿದೆ.

ಹುಕ್ಕೇರಿಯಿಂದ ಸಂಕೇಶ್ವರ, ನಿಪ್ಪಾಣಿ, ಕಾಗಲ ದಾಟಿದರೆ ಕೊಲ್ಲಾಪುರ ಬಂದೇಬಿಡುತ್ತದೆ. ಘಟಪ್ರಭಾ ಅಥವಾ ಗೋಕಾಕ ರೋಡ್ ಸ್ಟೇಷನ್ನಿನಿಂದ ರೈಲು ಹತ್ತಿದವರು ಮಿರಜಿನಲ್ಲಿ ಗಾಡಿ ಬದಲಿಸುತ್ತಾರೆ. ಮಿರಜ–ಕೊಲ್ಲಾಪುರ ರೈಲು 1891ರಿಂದ ಓಡುತ್ತಿದೆ. ಘೋಡಗೇರಿ, ಗೋಕಾಕ, ಮೂಡಲಗಿ ಭಾಗದ ಎಷ್ಟೋ ಮನೆಗಳಿಗೆ ಈ ದೇವಿ ಕುಲದೇವತೆ. ರಾಜ್ಯದ ಗಡಿ 1956ರಲ್ಲಿ ಬಂತು, ಯಾತ್ರೆ ಅದಕ್ಕಿಂತ ಬಹಳ ಹಿಂದಿನದು. ಆದ್ದರಿಂದ ಕೊಲ್ಲಾಪುರದ ಚರಿತ್ರೆಯನ್ನು ಪರನಾಡಿನ ಚರಿತ್ರೆಯೆಂದು ಓದಲಾಗದು. ಅಲ್ಲಿನ ಕಲ್ಲುಗಳಲ್ಲಿ ಕನ್ನಡ ಅಕ್ಷರಗಳಿವೆ. ಅವು ಹೇಳುವುದನ್ನು ಕೇಳಿಸಿಕೊಳ್ಳದೆ ಈ ಕ್ಷೇತ್ರದ ಕಥೆ ಪೂರ್ತಿಯಾಗುವುದಿಲ್ಲ.

ಊರಿನ ಅತಿ ಹಳೆಯ ನೆಲೆ ಪಂಚಗಂಗೆಯ ದಂಡೆಯ ಬ್ರಹ್ಮಪುರಿ ದಿಬ್ಬ. 1940ರ ದಶಕದ ಮಧ್ಯದಲ್ಲಿ ಅಲ್ಲಿ ಕಂಚಿನ ವಸ್ತುಗಳ ಒಂದು ರಾಶಿ ಸಿಕ್ಕಿತು. 1945–46ರಲ್ಲಿ ಎಚ್.ಡಿ. ಸಾಂಕಳಿಯಾ ಮತ್ತು ಎಂ.ಜಿ. ದೀಕ್ಷಿತ್ ಅಲ್ಲಿ ಉತ್ಖನನ ನಡೆಸಿದರು. ಶಾತವಾಹನರ ಕಾಲದ ಇಟ್ಟಿಗೆ ಮನೆಗಳು, ನಾಣ್ಯಗಳು, ಮಣಿಗಳು ಹೊರಬಂದವು. ಎಲ್ಲಕ್ಕಿಂತ ಹೆಸರಾದದ್ದು ಗ್ರೀಕರ ಸಮುದ್ರದೇವತೆ ಪೊಸೈಡನ್‌ನ ಒಂದು ಪುಟ್ಟ ಕಂಚಿನ ವಿಗ್ರಹ. ರೋಮನ್ ಸಾಮ್ರಾಜ್ಯದಲ್ಲಿ ಎರಕಹೊಯ್ದ ಆ ಮೂರ್ತಿ ಕೊಂಕಣದ ಬಂದರುಗಳಲ್ಲಿ ಇಳಿದು, ಘಟ್ಟ ಹತ್ತಿ ಇಲ್ಲಿಗೆ ಬಂದಿರಬೇಕು. ಈಗ ಅದು ಕೊಲ್ಲಾಪುರದ ಟೌನ್ ಹಾಲ್ ವಸ್ತುಸಂಗ್ರಹಾಲಯದಲ್ಲಿದೆ. ಕ್ಷೇತ್ರವಾಗಿ ಪ್ರಸಿದ್ಧಿಗೆ ಬರುವ ಎಷ್ಟೋ ಮೊದಲೇ ಕೊಲ್ಲಾಪುರ ಘಟ್ಟದ ಮೇಲಿನ ವ್ಯಾಪಾರದ ಊರಾಗಿತ್ತೆಂಬುದಕ್ಕೆ ಇಷ್ಟು ಸಾಕು. ಮುಂದೆ ಅಲ್ಲಿನ ಗುಡಿ–ಬಸದಿಗಳಿಗೆ ವರ್ತಕರು ಧಾರಾಳವಾಗಿ ದಾನ ಕೊಟ್ಟದ್ದರ ಹಿನ್ನೆಲೆಯೂ ಇದೇ.

ಮಹಾಲಕ್ಷ್ಮಿ ಗುಡಿಯನ್ನು ಕ್ರಿ.ಶ. 634ರಲ್ಲಿ ಚಾಲುಕ್ಯ ಕರ್ಣದೇವ ಕಟ್ಟಿಸಿದನೆಂಬ ಮಾತು ಪ್ರವಾಸಿ ಪುಸ್ತಕಗಳಲ್ಲಿ ಮತ್ತೆಮತ್ತೆ ಬರುತ್ತದೆ. ಇದನ್ನು ಒಪ್ಪುವುದು ಕಷ್ಟ. ಆ ಹೊತ್ತಿಗೆ ಬಾದಾಮಿಯ ಸಿಂಹಾಸನದಲ್ಲಿದ್ದವನು ಇಮ್ಮಡಿ ಪುಲಿಕೇಶಿ. ಕರ್ಣದೇವನೆಂಬ ಅರಸನ ಹೆಸರು ಬಾದಾಮಿ ಚಾಲುಕ್ಯರ ವಂಶಾವಳಿಯಲ್ಲಿ ಇಲ್ಲ. ಈಗ ನಿಂತಿರುವ ಕಟ್ಟಡದ ನಕ್ಷತ್ರಾಕಾರದ ತಳವಿನ್ಯಾಸ, ಗೋಡೆಯ ಮಡಿಕೆಗಳು, ಕಂಬಗಳು ಕಲ್ಯಾಣ ಚಾಲುಕ್ಯ–ಶಿಲಾಹಾರ ಕಾಲದ ಕೆಲಸವನ್ನೇ ತೋರಿಸುತ್ತವೆ. ಆದರೆ ದೇವಿಯ ಆರಾಧನೆ ಕಟ್ಟಡಕ್ಕಿಂತ ಹಳೆಯದು.

ಅದಕ್ಕೆ ಮನಮುಟ್ಟುವ ಒಂದು ಸಾಕ್ಷಿ ರಾಷ್ಟ್ರಕೂಟರ ಸಂಜಾನ್ ತಾಮ್ರಪಟದಲ್ಲಿದೆ. ಶಕ 793, ಎಂದರೆ ಕ್ರಿ.ಶ. 871ರ ಆ ಶಾಸನದ ಪ್ರಕಾರ, ಪ್ರಜೆಗಳಿಗೆ ಬಂದ ಆಪತ್ತನ್ನು ನೀಗಿಸಲು ಅಮೋಘವರ್ಷ ನೃಪತುಂಗ ತನ್ನ ಎಡಗೈ ಬೆರಳನ್ನು ಕತ್ತರಿಸಿ ಮಹಾಲಕ್ಷ್ಮಿಗೆ ಅರ್ಪಿಸಿದನು. ಶಾಸನ ದೇವಿಯ ಊರನ್ನು ಹೆಸರಿಸುವುದಿಲ್ಲ. ಆ ದೇವಿ ಕೊಲ್ಲಾಪುರದವಳೇ ಎಂದು ಶಾಸನವನ್ನು ಪ್ರಕಟಿಸಿದ ಡಿ.ಆರ್. ಭಂಡಾರಕರರು ಗುರುತಿಸಿದರು, ರಾಷ್ಟ್ರಕೂಟ ನಾಡಿನಲ್ಲಿ ಅಷ್ಟು ಹೆಸರಾದ ಬೇರೊಂದು ಮಹಾಲಕ್ಷ್ಮಿ ಪೀಠವನ್ನು ತೋರಿಸಲಾಗದ ಕಾರಣ ಆ ಗುರುತು ನಿಂತಿದೆ. ಕವಿರಾಜಮಾರ್ಗದೊಂದಿಗೆ ಹೆಸರು ಬೆಸೆದುಕೊಂಡ, ಜೈನ ಗುರು ಜಿನಸೇನರನ್ನು ಗೌರವಿಸಿದ ಅರಸನೇ ದೇವಿಯ ಮುಂದೆ ಬೆರಳು ಕೊಟ್ಟವನು. ಆ ಕಾಲದ ಧರ್ಮಜೀವನವನ್ನು ಇಂದಿನ ಗೆರೆಗಳಿಂದ ಅಳೆಯಬಾರದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಹನ್ನೊಂದನೆಯ ಶತಮಾನದ ನಡುವಿಗೆ ಕೊಲ್ಲಾಪುರ ದೂರದ ಶತ್ರುಗಳಿಗೂ ಗೊತ್ತಿದ್ದ ಊರಾಗಿತ್ತು. 1054ರ ಸುಮಾರಿಗೆ ಕೊಪ್ಪಂ ಎಂಬಲ್ಲಿ ಚಾಲುಕ್ಯ ಸೋಮೇಶ್ವರನಿಗೂ ಚೋಳರಿಗೂ ಘೋರ ಕಾಳಗ ನಡೆದು ಚೋಳ ದೊರೆ ರಾಜಾಧಿರಾಜ ಆನೆಯ ಮೇಲೆಯೇ ಮಡಿದನು. ತಮ್ಮ ಇಮ್ಮಡಿ ರಾಜೇಂದ್ರ ರಣರಂಗದಲ್ಲೇ ಪಟ್ಟಾಭಿಷಿಕ್ತನಾಗಿ ಯುದ್ಧವನ್ನು ತಿರುಗಿಸಿದನೆಂದೂ ಕೊಲ್ಲಾಪುರದಲ್ಲಿ ಜಯಸ್ತಂಭ ನಿಲ್ಲಿಸಿದನೆಂದೂ ತಮಿಳು ಶಾಸನಗಳು ಹೇಳುತ್ತವೆ. ಜಯಸ್ತಂಭ ನೆಡಲು ಆರಿಸಿದ ಊರು ಎದುರಾಳಿಗೆ ಮುಖ್ಯವಾದದ್ದೇ ಆಗಿರಬೇಕು.

ಕ್ಷೇತ್ರ ತನ್ನ ಪೂರ್ಣ ವೈಭವ ಕಂಡದ್ದು ಶಿಲಾಹಾರರ ಕಾಲದಲ್ಲಿ. ಕಲ್ಯಾಣ ಚಾಲುಕ್ಯರ ಸಾಮಂತರಾಗಿ ಕರ್‍ಹಾಡ, ಕೊಲ್ಲಾಪುರ, ಪನ್ಹಾಳಗಳಿಂದ ಆಳಿದ ಈ ಮನೆತನ ತಾನು ತಗರಪುರದಿಂದ ಬಂದದ್ದೆಂದು ಹೇಳಿಕೊಂಡಿತು. ಬಾವುಟದ ಮೇಲೆ ಚಿನ್ನದ ಗರುಡ, ಬಿರುದಾವಳಿಯಲ್ಲಿ ‘ಮಹಾಲಕ್ಷ್ಮೀಲಬ್ಧವರಪ್ರಸಾದ’. ಅವರ ಸಂಸ್ಕೃತ ದಾನಪತ್ರಗಳಲ್ಲಿಯೂ ಕೆಲವು ಬಿರುದುಗಳು ಕನ್ನಡದವು: ಮರುವಕ್ಕಸರ್ಪ, ಅಯ್ಯನಸಿಂಗ, ಇಡುವರಾದಿತ್ಯ. ಆಸ್ಥಾನದಲ್ಲಿ ಆಡುತ್ತಿದ್ದ ಮಾತು ಯಾವುದೆಂದು ಇವೇ ತಿಳಿಸುತ್ತವೆ. ಕಲ್ಯಾಣದೊಂದಿಗೆ ಮದುವೆಯ ನೆಂಟಸ್ತನವೂ ಇತ್ತು. ಆರನೆಯ ವಿಕ್ರಮಾದಿತ್ಯನ ರಾಣಿ ಚಂದಲದೇವಿ ಈ ಮನೆಯ ಮಗಳು. ಬಿಲ್ಹಣ ವಿಕ್ರಮಾಂಕದೇವಚರಿತದಲ್ಲಿ ಅವಳ ಸ್ವಯಂವರವನ್ನು ವರ್ಣಿಸಿದ್ದಾನೆ.

ಈ ವಂಶದಲ್ಲಿ ಎದ್ದು ಕಾಣುವವನು ಹನ್ನೆರಡನೆಯ ಶತಮಾನದ ಮೊದಲ ದಶಕಗಳಲ್ಲಿ ಆಳಿದ ಗಂಡರಾದಿತ್ಯ. ಮಿರಜ ಸೀಮೆಯ ಇರುಕುಡಿಯಲ್ಲಿ ಅವನು ಗಂಡಸಮುದ್ರವೆಂಬ ದೊಡ್ಡ ಕೆರೆ ಕಟ್ಟಿಸಿ, ಅದರ ದಂಡೆಯ ಮೇಲೆ ಶಿವ, ಬುದ್ಧ, ಜಿನ ಮೂವರನ್ನೂ ಪ್ರತಿಷ್ಠಾಪಿಸಿದನೆಂದು 1110ರ ತಾಮ್ರಪಟ ಹೇಳುತ್ತದೆ. ಹಿರಣ್ಯಕೇಶಿ ಹೊಳೆಯ ಮೇಲ್ದಂಡೆಯ ಆಜರೆಯಲ್ಲಿ ಅವನು ಕಟ್ಟಿಸಿದ ತ್ರಿಭುವನತಿಲಕ ಜಿನಾಲಯದಲ್ಲಿ ಕುಳಿತು ಸೋಮದೇವನು 1205ರಲ್ಲಿ ‘ಶಬ್ದಾರ್ಣವಚಂದ್ರಿಕೆ’ ಎಂಬ ವ್ಯಾಕರಣ ಬರೆದನು. ಆಜರೆಯ ಕೆಳಗೆ ಅದೇ ಹೊಳೆ ಗಡಹಿಂಗ್ಲಜ, ಸಂಕೇಶ್ವರ ದಾಟಿ ಹುಕ್ಕೇರಿ ತಾಲೂಕಿನಲ್ಲಿ ಹರಿದು ಘಟಪ್ರಭೆಗೆ ಸೇರುತ್ತದೆ.

ಗಂಡರಾದಿತ್ಯನ ಮಹಾಸಾಮಂತ ನಿಂಬದೇವ ಕೊಲ್ಲಾಪುರದಲ್ಲಿ ಬಸದಿಗಳನ್ನು ಕಟ್ಟಿಸಿದನು. ಅರಸನ ಬಿರುದನ್ನೇ ಹೊತ್ತ ರೂಪನಾರಾಯಣ ಬಸದಿ ಮಾಘನಂದಿ ಸಿದ್ಧಾಂತದೇವರಂಥ ಗುರುಗಳಿಂದ ವಿದ್ಯಾಕೇಂದ್ರವಾಯಿತು. ತೇರದಾಳದ 1123ರ ಶಾಸನ ಈ ಗುರುಪರಂಪರೆಯನ್ನು ಆದರದಿಂದ ನೆನೆಯುತ್ತದೆ. ನಿಂಬದೇವ ಕಟ್ಟಿಸಿದ ಪಾರ್ಶ್ವನಾಥ ಬಸದಿಗೆ ಸಂಬಂಧಿಸಿದ 1135ರ ಕನ್ನಡ ಶಾಸನ ಇನ್ನೂ ಸ್ವಾರಸ್ಯದ್ದು. ಅಯ್ಯಾವೊಳೆಯ ಐನೂರ್ವರ ಸಂಘಕ್ಕೆ ಸೇರಿದ ವೀರಬಣಂಜುಗಳು ಕೊಲ್ಲಾಪುರ, ಮಿರಜ, ಕುಂಡಿ ನಾಡುಗಳಿಂದ ಬಂದು ಕೂಡಿ, ತಾವು ಮಾರುವ ಸರಕಿನ ಮೇಲೆ ಇಂತಿಷ್ಟು ಎಂದು ಬಸದಿಗೆ ಆಯ ಗೊತ್ತುಮಾಡಿದರು. ಕುಂಡಿ ಮೂರು ಸಾವಿರವೆಂದರೆ ಸವದತ್ತಿಯ ರಟ್ಟರು ಆಳಿದ ನಾಡು, ಇಂದಿನ ಬೆಳಗಾವಿ ಜಿಲ್ಲೆಯ ಬಹುಭಾಗ. ಆ ಶಾಸನದ ಕಲ್ಲು ಸಿಕ್ಕಿದ್ದು ಮಹಾಲಕ್ಷ್ಮಿ ಗುಡಿಯ ಹತ್ತಿರದಲ್ಲಿ.

ಗುಡಿ ಮೂಲತಃ ಜೈನರ ಪದ್ಮಾವತಿಯದೋ ವೈದಿಕರ ಲಕ್ಷ್ಮಿಯದೋ ಎಂಬ ವಾದ ಹಳೆಯದು. ಆವರಣದ ಶೇಷಶಾಯಿ ಗುಡಿಯ ಮಂಟಪದಲ್ಲಿ ತೀರ್ಥಂಕರರ ಶಿಲ್ಪಗಳಿರುವುದು ನಿಜ. ಮುಖ್ಯ ಮೂರ್ತಿಯ ತಲೆಯ ಮೇಲೆ ಲಿಂಗವೂ ನಾಗವೂ ಇರುವುದು, ಕೈಯಲ್ಲಿ ಮಾದಲಹಣ್ಣು, ಗದೆ, ಗುರಾಣಿ, ಪಾನಪಾತ್ರೆಗಳಿರುವುದು ಅಷ್ಟೇ ನಿಜ. ದೇವೀಮಾಹಾತ್ಮ್ಯಕ್ಕೆ ಸೇರಿದ ಪ್ರಾಧಾನಿಕ ರಹಸ್ಯದಲ್ಲಿ ಮಹಾಲಕ್ಷ್ಮಿಯನ್ನು ವರ್ಣಿಸಿರುವುದು ಇದೇ ರೂಪದಲ್ಲಿ. ಒಬ್ಬನೇ ಅರಸ ಮೂರು ಮತಗಳ ಮೂರ್ತಿಗಳನ್ನು ಒಂದೇ ಕೆರೆಯ ದಂಡೆಯಲ್ಲಿ ಕೂಡಿಸಿದ ನಾಡಿನಲ್ಲಿ ಗುಡಿ–ಬಸದಿಗಳು ಗೋಡೆಗೆ ಗೋಡೆ ತಾಗಿ ನಿಂತದ್ದು ಸಹಜವೇ. ಒಬ್ಬರನ್ನು ಹೊರಗಿಟ್ಟು ಇನ್ನೊಬ್ಬರಿಗೆ ಒಡೆತನ ಬರೆದುಕೊಡುವುದು ಶಾಸನಗಳ ಮಾತಿಗೆ ಹೊಂದುವುದಿಲ್ಲ. ಲಕ್ಷ್ಮೀಸೇನ ಭಟ್ಟಾರಕರ ಜೈನ ಮಠ ಇಂದಿಗೂ ಈ ಊರಿನಲ್ಲಿದೆ.

ಗುಡಿ ಕರಿಗಲ್ಲಿನದು, ಪಶ್ಚಿಮಾಭಿಮುಖ. ಊರೊಳಗಿನಿಂದ ಬರುವ ಭಕ್ತರು ಪಡುವಣ ಮಹಾದ್ವಾರದಿಂದ ಒಳಹೊಕ್ಕು ದೀಪಮಾಲೆಗಳನ್ನು ದಾಟಿ ಗರುಡಮಂಟಪಕ್ಕೆ ಬರುತ್ತಾರೆ. ಮರದ ಕಂಬ–ಕಮಾನುಗಳ ಈ ಮಂಟಪ ಮರಾಠರ ಕಾಲದ ಸೇರ್ಪಡೆ. ಅದರ ಹಿಂದಿನ ಕಲ್ಲಿನ ಮಂಟಪದಿಂದ ಬೆಳಕು ಕಡಿಮೆಯಾಗುತ್ತ ಹೋಗಿ ಹಳೆಯ ಗುಡಿ ಆರಂಭವಾಗುತ್ತದೆ. ನಡುವಿನ ಗರ್ಭಗುಡಿಯಲ್ಲಿ ಮಹಾಲಕ್ಷ್ಮಿ, ಉತ್ತರಕ್ಕೆ ಮಹಾಕಾಳಿ, ದಕ್ಷಿಣಕ್ಕೆ ಮಹಾಸರಸ್ವತಿ. ಮೂರು ಗರ್ಭಗುಡಿಗಳಿಗೂ ಸೇರಿ ಒಂದೇ ಮಂಟಪವಿರುವ ಇಂಥ ತ್ರಿಕೂಟ ವಿನ್ಯಾಸ ಬೆಳಗಾವಿ, ಧಾರವಾಡ ಸೀಮೆಯ ಚಾಲುಕ್ಯ ಗುಡಿಗಳನ್ನು ನೋಡಿದವರಿಗೆ ಹೊಸದಲ್ಲ. ಮಹಾಲಕ್ಷ್ಮಿಯ ಗರ್ಭಗುಡಿಯ ಮೇಲಿನ ಅಂತಸ್ತಿನಲ್ಲಿ ಮಾತುಲಿಂಗವೆಂಬ ಶಿವಲಿಂಗವಿದೆ. ಕೆಳಗೆ ಶಕ್ತಿ, ಮೇಲೆ ಶಿವ ಎಂಬ ಈ ಜೋಡಣೆಯನ್ನು ಹೆಚ್ಚಿನ ಯಾತ್ರಿಕರು ಕಾಣದೆ ಹೋಗುವುದು ವಿಷಾದದ ಸಂಗತಿ.

ಮೂಲಮೂರ್ತಿ ಸುಮಾರು ಮೂರು ಅಡಿ ಎತ್ತರದ ಕಪ್ಪು ಶಿಲೆಯದು, ಹಿಂದೆ ಸಿಂಹ. ಶತಮಾನಗಳ ಅಭಿಷೇಕದಿಂದ ಕಲ್ಲು ಸವೆದದ್ದರಿಂದ 2015ರಲ್ಲಿ ಪುರಾತತ್ವ ಇಲಾಖೆಯ ರಸಾಯನತಜ್ಞರು ಮೂರ್ತಿಗೆ ಸಂರಕ್ಷಣಾ ಲೇಪ ಕೊಟ್ಟರು. ಹೊರಗೋಡೆಯನ್ನು ನಿಂತು ನೋಡಬೇಕು. ನಕ್ಷತ್ರದ ಮೂಲೆಗಳಂತೆ ಮುಂದೆ ಚಾಚಿ ಹಿಂದೆ ಸರಿಯುವ ಪ್ರತಿ ಮಡಿಕೆಯಲ್ಲೂ ಯೋಗಿನಿಯರು, ನರ್ತಕಿಯರು, ವಾದ್ಯ ಹಿಡಿದವರು ನಿಂತಿದ್ದಾರೆ. ಅನೇಕ ಮೂರ್ತಿಗಳ ಕೈ, ಮುಖ ಒಡೆದಿವೆ. ಆದರೂ ನಡುವಿನ ಬಳುಕು, ಕಾಲಂದುಗೆಯ ಕೆತ್ತನೆ ಹೊಯ್ಸಳರ ಮದನಿಕೆಯರ ಅಕ್ಕಂದಿರು ಇವರು ಎನ್ನಿಸುವಷ್ಟು ಸೊಗಸಾಗಿವೆ.

ಈ ಗುಡಿಯ ದೊಡ್ಡ ವಿಶೇಷ ಕಿರಣೋತ್ಸವ. ನವೆಂಬರ್ 9ರಿಂದ 11, ಮತ್ತೆ ಜನವರಿ 31ರಿಂದ ಫೆಬ್ರುವರಿ 2, ಈ ದಿನಗಳಲ್ಲಿ ಮುಳುಗುವ ಸೂರ್ಯನ ಕಿರಣ ಮಹಾದ್ವಾರದಿಂದ ಒಳಬಂದು ಮಂಟಪಗಳನ್ನು ದಾಟಿ ಗರ್ಭಗುಡಿಯವರೆಗೆ ತಲುಪುತ್ತದೆ. ಮೊದಲ ದಿನ ಪಾದ, ಎರಡನೆಯ ದಿನ ಎದೆ, ಮೂರನೆಯ ದಿನ ಮುಖದವರೆಗೆ ಬೆಳಕು ಏರುವುದೆಂದು ಲೆಕ್ಕ. ಇದರ ಹಿಂದಿನ ಗಣಿತ ಸರಳ. ಡಿಸೆಂಬರ್ 21ರ ಸುಮಾರಿನ ದಕ್ಷಿಣ ಅಯನಬಿಂದುವಿಗೆ ಈ ಎರಡೂ ಕಾಲ ಹಿಂದೆ ಮುಂದೆ ಹೆಚ್ಚುಕಡಿಮೆ ಸಮ ದೂರದಲ್ಲಿವೆ. ಎರಡರಲ್ಲೂ ಸೂರ್ಯ ಖಗೋಳ ವಿಷುವದ್ವೃತ್ತದಿಂದ ದಕ್ಷಿಣಕ್ಕೆ ಸುಮಾರು 17 ಡಿಗ್ರಿಯಲ್ಲಿರುತ್ತಾನೆ. ಹೀಗಾಗಿ ಎರಡು ಸಲವೂ ಒಂದೇ ಜಾಗದಲ್ಲಿ ಮುಳುಗುತ್ತಾನೆ. ಗುಡಿಯ ಅಕ್ಷವನ್ನು ನೇರ ಪಶ್ಚಿಮಕ್ಕೆ ಇಡದೆ ಆ ಬಿಂದುವಿಗೆ ಹೊಂದಿಸಿದ ಸ್ಥಪತಿಗಳ ಲೆಕ್ಕಾಚಾರ ಅಚ್ಚರಿಯದು. ಈಚಿನ ದಶಕಗಳಲ್ಲಿ ಮಹಾದ್ವಾರ ರಸ್ತೆಯಲ್ಲಿ ಎದ್ದ ಕಟ್ಟಡಗಳು ಕಿರಣಕ್ಕೆ ಅಡ್ಡಬಂದಿವೆ. ಮೋಡ, ದೂಳುಗಳೂ ಸೇರಿ ಕೆಲವು ವರ್ಷ ಬೆಳಕು ಪಾದದಿಂದ ಮೇಲೇರುವುದೇ ಇಲ್ಲ. ಶತಮಾನಗಳಿಂದ ತೆರೆದಿದ್ದ ಬೆಳಕಿನ ದಾರಿಯನ್ನು ತೆರೆದೇ ಇಡುವುದು ಊರಿನ ಕರ್ತವ್ಯ.

ಶಿಲಾಹಾರರ ಕೊನೆಯ ದೊರೆ ಇಮ್ಮಡಿ ಭೋಜನನ್ನು 1212ರ ಸುಮಾರಿಗೆ ದೇವಗಿರಿಯ ಯಾದವ ಸಿಂಘಣ ಪನ್ಹಾಳದಲ್ಲಿ ಸೋಲಿಸಿದನು. ಮುಂದೆ ನಾಡು ಬಹಮನಿಗಳಿಗೂ ಬಿಜಾಪುರದ ಆದಿಲಶಾಹಿಗೂ ಸೇರಿತು. ಆ ಕಾಲದಲ್ಲಿ ಅರ್ಚಕರು ಮೂರ್ತಿಯನ್ನು ಕಪಿಲತೀರ್ಥ ಭಾಗದ ಒಂದು ಮನೆಯಲ್ಲಿ ಮರೆಸಿಟ್ಟು ಪೂಜಿಸುತ್ತಿದ್ದರೆಂದು ಪರಂಪರೆ ಹೇಳುತ್ತದೆ. ಶಿವಾಜಿಯ ಸೊಸೆ ತಾರಾಬಾಯಿ ಪನ್ಹಾಳದಲ್ಲಿ ಪ್ರತ್ಯೇಕ ಗಾದಿ ಸ್ಥಾಪಿಸಿದ ಮೇಲೆ, ಇಮ್ಮಡಿ ಸಂಭಾಜಿಯ ಆಳ್ವಿಕೆಯಲ್ಲಿ, 1715ರ ವಿಜಯದಶಮಿಯಂದು ಸಿಧೋಜಿ ಘೋರ್ಪಡೆ ಮೂರ್ತಿಯನ್ನು ಗುಡಿಯಲ್ಲಿ ಪುನಃ ಪ್ರತಿಷ್ಠಾಪಿಸಿದನು. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ರಾಜಧಾನಿ ಪನ್ಹಾಳದಿಂದ ಕೊಲ್ಲಾಪುರಕ್ಕೆ ಇಳಿಯಿತು. ಭವಾನಿ ಮಂಟಪದ ಅರಮನೆಯೂ ಮಹಾಲಕ್ಷ್ಮಿ ಗುಡಿಯೂ ಹತ್ತಿರ ಹತ್ತಿರವೇ ಇರುವುದರಿಂದ ಊರಿನ ಬೀದಿಗಳು ಇಂದಿಗೂ ಈ ಎರಡರ ಸುತ್ತಲೇ ಸುತ್ತುತ್ತವೆ. ಬೆಳಗಾವಿ ಸೀಮೆಯ ಚಿಕ್ಕೋಡಿ ಮತ್ತು ಮುನವಳ್ಳಿ ತಾಲೂಕುಗಳು ಕೊಲ್ಲಾಪುರ ಸಂಸ್ಥಾನ ಮತ್ತು ಪೇಶ್ವೆಯರ ನಡುವೆ ಕೈ ಬದಲಿಸಿದವು. 1818ರ ಬಳಿಕ ಇಂಗ್ಲಿಷರು ಅವನ್ನು ಕೊಲ್ಲಾಪುರಕ್ಕೆ ಕೊಟ್ಟು, ಮುಂದಿನ ದಶಕದಲ್ಲಿ ಮರಳಿ ತಾವೇ ತೆಗೆದುಕೊಂಡರು.

ಗುಡಿಯ ಇಂದಿನ ಶಿಖರಗಳು ಕೆಳಗಿನ ಕರಿಗಲ್ಲಿನ ಕಟ್ಟಡಕ್ಕೆ ಹೊಂದದ ಇಟ್ಟಿಗೆ–ಗಾರೆಯವು. ಅವನ್ನು ಕಟ್ಟಿಸಿದವರು ಸಂಕೇಶ್ವರದ ಶಂಕರಾಚಾರ್ಯರೆಂದು ಹೇಳುತ್ತಾರೆ. ಹುಕ್ಕೇರಿ ತಾಲೂಕಿಗೂ ಈ ಕ್ಷೇತ್ರಕ್ಕೂ ಇರುವ ನಂಟಿನಲ್ಲಿ ಇದು ಮುಖ್ಯವಾದದ್ದು. ಹಿರಣ್ಯಕೇಶಿಯ ದಂಡೆಯ, ಶಂಕರಲಿಂಗನ ಗುಡಿಯಿರುವ ಸಂಕೇಶ್ವರವೂ ಕೊಲ್ಲಾಪುರವೂ ಒಂದೇ ಪೀಠದ ಎರಡು ನೆಲೆಗಳು. ಪೀಠಕ್ಕೆ ಸಂಕೇಶ್ವರ–ಕರವೀರ ಪೀಠವೆಂದೇ ಹೆಸರು. ಇಪ್ಪತ್ತನೆಯ ಶತಮಾನದಲ್ಲಿ ಈ ಪೀಠವನ್ನೇರಿದ ಡಾ. ಕುರ್ತಕೋಟಿಯವರು ಕನ್ನಡಿಗರು.

ಕ್ಷೇತ್ರದ ಸಾಮಾಜಿಕ ಚರಿತ್ರೆಯೂ ಹೊಳೆಯ ದಂಡೆಯಲ್ಲಿಯೇ ತಿರುವು ಕಂಡಿತು. 1899ರಲ್ಲಿ ಪಂಚಗಂಗೆಯಲ್ಲಿ ಕಾರ್ತಿಕಸ್ನಾನ ಮಾಡುತ್ತಿದ್ದ ಛತ್ರಪತಿ ಶಾಹೂ ಮಹಾರಾಜರಿಗೆ ಪುರೋಹಿತರು ವೇದಮಂತ್ರ ಹೇಳದೆ, ಶೂದ್ರರಿಗೆಂದು ಇಟ್ಟ ಪುರಾಣೋಕ್ತ ಮಂತ್ರ ಹೇಳಿದರು. ಅದರಿಂದೆದ್ದ ವೇದೋಕ್ತ ಪ್ರಕರಣ ಸಂಸ್ಥಾನವನ್ನೇ ಅಲುಗಿಸಿತು. 1902ರ ಜುಲೈ 26ರಂದು ಶಾಹೂ ಮಹಾರಾಜರು ಸಂಸ್ಥಾನದ ಹುದ್ದೆಗಳಲ್ಲಿ ಅರ್ಧದಷ್ಟನ್ನು ಹಿಂದುಳಿದವರಿಗೆ ಕಾಯ್ದಿರಿಸಿದ ಆಜ್ಞೆಯನ್ನು ಈ ಹಿನ್ನೆಲೆಯಲ್ಲಿಟ್ಟೇ ಓದಬೇಕು. ದಕ್ಷಿಣಕಾಶಿಯಲ್ಲಿ ಆದ ಕೆಲಸಗಳಲ್ಲಿ ಇದು ಯಾವ ಗುಡಿಯ ಪ್ರತಿಷ್ಠಾಪನೆಗೂ ಕಡಿಮೆಯದಲ್ಲ.

ಕೊಲ್ಲಾಪುರದ ಕನ್ನಡ ಶಾಸನಗಳು ಓದುಗರಿಗೆ ದಕ್ಕಿದ್ದು ಗೋಕಾಕ ಸೀಮೆಯ ಒಬ್ಬರ ಶ್ರಮದಿಂದ. ಕೌಜಲಗಿಯಲ್ಲಿ ಹುಟ್ಟಿದ ಕೆ.ಜಿ. ಕುಂದಣಗಾರರು ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದರು. ಮಹಾಲಕ್ಷ್ಮಿ ಗುಡಿಯನ್ನು ಅಳೆದು, ಮೂರ್ತಿಗಳನ್ನು ಗುರುತಿಸಿ, ಅದರ ಬಗ್ಗೆ ಪುಸ್ತಕ ಬರೆದರು. ಉತ್ತರ ಕರ್ನಾಟಕ ಮತ್ತು ಕೊಲ್ಲಾಪುರ ಸಂಸ್ಥಾನದ ಶಾಸನಗಳ ಸಂಪುಟವನ್ನು 1939ರಲ್ಲಿ ಪ್ರಕಟಿಸಿದರು. 1961ರಲ್ಲಿ ಗದಗಿನ ಕನ್ನಡ ಸಾಹಿತ್ಯ ಸಮ್ಮೇಳನ ಅವರ ಅಧ್ಯಕ್ಷತೆಯಲ್ಲಿ ನಡೆಯಿತು. ಅದೇ ಕಾಲೇಜಿನಲ್ಲಿ ಪ್ರಾಕೃತ ಕಲಿಸಿದ, ಚಿಕ್ಕೋಡಿ ತಾಲೂಕಿನ ಸದಲಗಾದ ಎ.ಎನ್. ಉಪಾಧ್ಯೆಯವರು 1967ರ ಶ್ರವಣಬೆಳಗೊಳ ಸಮ್ಮೇಳನದ ಅಧ್ಯಕ್ಷರು. ಗುಡಿಯ ಕಲ್ಲಿಗೂ ಬಸದಿಯ ಕಲ್ಲಿಗೂ ಹೀಗೆ ಈ ಸೀಮೆಯಿಂದಲೇ ಓದುಗರು ಹೊರಟರು. ಕುಂದಣಗಾರರ ಕೆಲಸ ಇನ್ನೂ ಹೆಚ್ಚು ಜನರಿಗೆ ತಿಳಿಯಬೇಕಾದದ್ದು.

ವರ್ಷದ ಉತ್ಸವಗಳಲ್ಲಿ ನವರಾತ್ರಿ ದೊಡ್ಡದು. ಲಲಿತಾಪಂಚಮಿಯಂದು ಮಹಾಲಕ್ಷ್ಮಿಯ ಪಲ್ಲಕ್ಕಿ ಊರ ಹೊರಗಿನ ಟೆಂಬಲಾಯಿ ಗುಡ್ಡಕ್ಕೆ, ಮುನಿದು ಹೋದ ತಂಗಿ ತ್ರ್ಯಂಬುಲಿಯನ್ನು ಕಾಣಲು ಹೋಗುತ್ತದೆ. ಅಲ್ಲಿ ರಾಕ್ಷಸನ ಸಂಕೇತವಾಗಿ ಕುಂಬಳಕಾಯಿ ಒಡೆಯುತ್ತಾರೆ. ಇದೇ ಹಬ್ಬಕ್ಕೆ ತಿರುಪತಿಯಿಂದ ದೇವಿಗೆ ಸೀರೆ ಬರುವ ರೂಢಿಯಿದೆ. ತಿಮ್ಮಪ್ಪನ ಮೇಲೆ ಮುನಿಸಿಕೊಂಡು ಬಂದ ಲಕ್ಷ್ಮಿ ಇವಳೇ ಎಂಬುದು ಜನರ ನಂಬಿಕೆ. ಪ್ರತಿ ಶುಕ್ರವಾರ ಪಲ್ಲಕ್ಕಿ, ಚೈತ್ರದಲ್ಲಿ ರಥೋತ್ಸವ. ಗುಡಿಯ ಆಡಳಿತ ಈಗ ಪಶ್ಚಿಮ ಮಹಾರಾಷ್ಟ್ರ ದೇವಸ್ಥಾನ ವ್ಯವಸ್ಥಾಪನ ಸಮಿತಿಯದು. ಊರೊಳಗೆ ಕಪಿಲೇಶ್ವರ, ಕಂಬವಿಲ್ಲದ ಮಂಟಪದ ಬಿನಖಾಂಬಿ ಗಣೇಶ, ರಂಕಾಳ ಕೆರೆ ಯಾತ್ರಿಕರ ಸುತ್ತಿನಲ್ಲಿ ಸೇರಿವೆ.

ಸುತ್ತಲಿನ ಮೂರು ಸ್ಥಳಗಳಿಲ್ಲದೆ ಕರವೀರ ಯಾತ್ರೆ ಮುಗಿಯುವುದಿಲ್ಲ. ವಾಯವ್ಯದ ವಾಡಿ ರತ್ನಾಗಿರಿ ಗುಡ್ಡದ ಜ್ಯೋತಿಬಾ, ರತ್ನಾಸುರನನ್ನು ಕೊಂದು ದೇವಿಗೆ ನೆರವಾದವನು. ಈಗಿನ ಗುಡಿಯನ್ನು 1730ರಲ್ಲಿ ರಾಣೋಜಿ ಶಿಂದೆ ಕಟ್ಟಿಸಿದನು. ಚೈತ್ರ ಹುಣ್ಣಿಮೆಗೆ ಸಾಸನಕಾಠಿಯೆಂಬ ಎತ್ತರದ ಕೋಲುಗಳನ್ನು ಹೊತ್ತ ಜನ, ಗುಲಾಲಿನಲ್ಲಿ ಕೆಂಪಾದ ಗುಡ್ಡ, ಬೆಳಗಾವಿ ಜಿಲ್ಲೆಯ ಹಳ್ಳಿಗಳಿಂದ ಹೋದವರೂ ಅದರಲ್ಲಿ. ಪಂಚಗಂಗೆ ಕೃಷ್ಣೆಗೆ ಕೂಡುವಲ್ಲಿ ನರಸೋಬವಾಡಿ. ದತ್ತಾವತಾರಿ ನೃಸಿಂಹ ಸರಸ್ವತಿಗಳು ಹನ್ನೆರಡು ವರ್ಷ ಇದ್ದ ಜಾಗದಲ್ಲಿ ಪಾದುಕೆಗಳಿಗೆ ಪೂಜೆ. ಮಳೆಗಾಲದ ಮಹಾಪೂರಕ್ಕೆ ನೀರು ಗುಡಿಯೊಳಗೇ ಬರುತ್ತದೆ. ಆಗ ಉತ್ಸವಮೂರ್ತಿಯನ್ನು ಮೇಲಕ್ಕೆ ಸಾಗಿಸುತ್ತಾರೆ. ನೃಸಿಂಹ ಸರಸ್ವತಿಗಳ ಚರಿತ್ರೆ ಹೇಳುವ ಮರಾಠಿ ಗುರುಚರಿತ್ರೆಯನ್ನು ಬರೆದ ಸರಸ್ವತಿ ಗಂಗಾಧರರ ಮನೆಮಾತು ಕನ್ನಡ.

ಮೂರನೆಯದು ಖಿದ್ರಾಪುರದ ಕೋಪೇಶ್ವರ, ಶಿಲ್ಪದ ದೃಷ್ಟಿಯಿಂದ ಇಡೀ ಸೀಮೆಯ ಶ್ರೇಷ್ಠ ಗುಡಿ. ಶಿಲಾಹಾರರ ಕಾಲದ ಈ ಕಟ್ಟಡದ ಮುಂಭಾಗದಲ್ಲಿ 48 ಕಂಬಗಳ ಸ್ವರ್ಗಮಂಟಪವಿದೆ. ಅದರ ನಡುವೆ ಚಾವಣಿ ಇಲ್ಲ. ವೃತ್ತಾಕಾರದ ತೆರವಿನ ಕೆಳಗೆ ಅಷ್ಟೇ ದೊಡ್ಡ ವೃತ್ತಾಕಾರದ ಕಲ್ಲುಹಾಸು, ಸುತ್ತಲೂ ಕಂಬಗಳ ಮೇಲೆ ದಿಕ್ಪಾಲಕರು ವಾಹನಸಮೇತ. ಗುಡಿಯ ತಳದಲ್ಲಿ ಸಾಲಾನೆಗಳು ಕಟ್ಟಡವನ್ನು ಹೊತ್ತಿವೆ. ಇಲ್ಲಿನ ಶಾಸನಗಳಲ್ಲಿ ಹೆಚ್ಚಿನವು ಕನ್ನಡದವು. ಶಕ 1136ರ ಸಂಸ್ಕೃತ ಶಾಸನ ಸಿಂಘಣನದು. ಶಿಲಾಹಾರರನ್ನು ಗೆದ್ದ ಬೆನ್ನಿಗೇ ಅವನು ಅವರ ದೇವರಿಗೆ ದತ್ತಿ ಬಿಟ್ಟದ್ದನ್ನು ಅದು ದಾಖಲಿಸುತ್ತದೆ. ಖಿದ್ರಾಪುರ ಕೃಷ್ಣೆಯ ಒಂದು ದಂಡೆಯಲ್ಲಿದೆ. ಎದುರು ದಂಡೆಯದು ಕಾಗವಾಡ ತಾಲೂಕಿನ ಜುಗೂಳ.